ಎಣಿಕೆಗೆ ಸಿಗದ ಮಗು



ಕಾಸರಗೋಡಾಗಲಿ, ತಾಳವಾಡಿಯಾಗಲಿ, ಅಕ್ಕಲಕೋಟೆಯಾಗಲಿ, ಕನ್ನಡ ಶಾಲೆಯ ಮಾತು ಬಂದಾಗ ನಾವು 1956ನೆಯ ಇಸವಿಯನ್ನು ನೆನೆಯುತ್ತೇವೆ. ಆ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಕಲ್ಪಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳಿತು. ನಮ್ಮ ಮಕ್ಕಳಲ್ಲಿ ಬುದ್ಧಿ ಚುರುಕಾಗಿದ್ದೂ ಅಕ್ಷರ ಒಲಿಯದವರು ಕೆಲವರಿದ್ದಾರೆ. ಅವರ ಕಲಿಕೆಗೆಂದು ಸರ್ಕಾರದ ಹಣ ಬಂದ ಇತಿಹಾಸ ಬೇರೆಯದು. ಅದನ್ನೂ ನಾವು ಅರಿತಿರಬೇಕು.

ಸಾಮಾನ್ಯ ಶಾಲೆಗಳಲ್ಲೇ ಅಂಗವಿಕಲ ಮಕ್ಕಳನ್ನು ಓದಿಸುವ ಸಮನ್ವಯ ಶಿಕ್ಷಣ ಯೋಜನೆಯನ್ನು ಕೇಂದ್ರ ಸರ್ಕಾರ 1974ರಲ್ಲಿ ಆರಂಭಿಸಿತು. 1995ರ ಅಧಿನಿಯಮವು ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿತು. ಕಲಿಕಾ ನ್ಯೂನತೆ ಆ ಏಳರಲ್ಲಿ ಇರಲಿಲ್ಲ. ಸರ್ವ ಶಿಕ್ಷಾ ಅಭಿಯಾನವು ವಿಶೇಷ ಅಗತ್ಯವುಳ್ಳ ಮಗುವೊಂದಕ್ಕೆ ಮೊದಲು ವರ್ಷಕ್ಕೆ 1,200 ರೂಪಾಯಿಯವರೆಗೆ ನೆರವನ್ನು ಗೊತ್ತುಮಾಡಿತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಪಟ್ಟಿಯನ್ನು 21ಕ್ಕೆ ಹಿಗ್ಗಿಸಿ, ಡಿಸ್ಲೆಕ್ಸಿಯಾ ಮೊದಲಾದ ನಿರ್ದಿಷ್ಟ ಕಲಿಕಾ ನ್ಯೂನತೆಗಳಿಗೆ ಅದರಲ್ಲಿ ಸ್ಥಾನ ಕೊಟ್ಟಿತು. 2018ರಲ್ಲಿ ಬಂದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ನೆರವು ವರ್ಷಕ್ಕೆ 3,500 ರೂಪಾಯಿಯವರೆಗೆ ಏರಿತು.

ಈ ಹಣದ ಲೆಕ್ಕ ಮಗುವಿನ ತಲೆಯೆಣಿಕೆಯ ಮೇಲೆ ನಿಂತಿದೆ. ಶಾಲೆಯ ದಾಖಲೆಯಲ್ಲಿ ಗುರುತಿಸಲ್ಪಡದ ಮಗುವಿಗೆ ಪೈಸೆಯೂ ಇಲ್ಲ, ವಿಶೇಷ ಶಿಕ್ಷಕರ ಭೇಟಿಯೂ ಇಲ್ಲ. ಗುರುತಿಸುವುದೆಂದರೆ ಓದಿಸಿ, ಬರೆಸಿ ನೋಡುವುದು. ಯಾವ ಭಾಷೆಯಲ್ಲಿ?

ಗಡಿಯಾಚೆಯ ಕನ್ನಡಿಗರ ಕಷ್ಟ ಇರುವುದು ಇಲ್ಲಿಯೇ. ಮನೆಯಲ್ಲೂ ತರಗತಿಯಲ್ಲೂ ಕನ್ನಡವನ್ನೇ ಬಳಸುವ ಮಗುವಿಗೆ ರಾಜ್ಯಭಾಷೆಯ ಪಾಠವನ್ನು ಕೊಟ್ಟು ಪರೀಕ್ಷಿಸಿದರೆ ಎರಡು ಬಗೆಯ ಅನ್ಯಾಯವಾಗಬಹುದು. ಭಾಷೆ ಬಾರದ್ದನ್ನೇ ನ್ಯೂನತೆಯೆಂದು ಬರೆದುಬಿಡುವುದು ಒಂದು. ನಿಜವಾದ ನ್ಯೂನತೆಯನ್ನು ‘ಕನ್ನಡದ ಮಗುವಲ್ಲವೇ, ಬರುತ್ತದೆ ಬಿಡಿ’ ಎಂದು ತಳ್ಳಿಹಾಕುವುದು ಇನ್ನೊಂದು. ಮೊದಲನೆಯದು ಮಗುವಿಗೆ ಸುಳ್ಳು ಹೆಸರು ಅಂಟಿಸುತ್ತದೆ. ಎರಡನೆಯದು ನಾಲ್ಕಾರು ವರ್ಷಗಳ ಕಲಿಕೆಯನ್ನೇ ಕಸಿಯುತ್ತದೆ. ಒತ್ತಕ್ಷರ ತಪ್ಪುವ, ಹ್ರಸ್ವ ದೀರ್ಘಗಳನ್ನು ಬೆರೆಸುವ, ಸಾಲು ಬಿಟ್ಟು ಓದುವ ಮಗುವಿನ ತೊಡಕು ಎಷ್ಟು ಆಳದ್ದೆಂಬುದನ್ನು ಕನ್ನಡದಲ್ಲಿ ಓದಿಸಿಯೇ ತಿಳಿಯಬೇಕು.

ಸಾಧನವೇ ಇಲ್ಲವೆಂಬ ನೆಪಕ್ಕೆ ಈಗ ಎಡೆಯಿಲ್ಲ. ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರವು ಭಾರತೀಯ ಭಾಷೆಗಳಿಗಾಗಿ ಸಿದ್ಧಪಡಿಸಿದ ‘ಡಾಲಿ’ ಎಂಬ ಡಿಸ್ಲೆಕ್ಸಿಯಾ ಪರೀಕ್ಷಾ ಸಾಮಗ್ರಿ, ಹಿಂದಿ ಮರಾಠಿಗಳೊಡನೆ ಕನ್ನಡದಲ್ಲಿಯೂ ಇದೆ. 2016ರ ಅಧಿನಿಯಮದ 16ನೆಯ ಪ್ರಕರಣವು, ಮಕ್ಕಳಲ್ಲಿನ ಇಂಥ ನ್ಯೂನತೆಗಳನ್ನು ಆದಷ್ಟು ಬೇಗ ಪತ್ತೆಹಚ್ಚಿ ತಕ್ಕ ಬೋಧನಾಕ್ರಮವನ್ನು ಕೈಗೊಳ್ಳುವಂತೆ ಶಿಕ್ಷಣ ಸಂಸ್ಥೆಗಳಿಗೆ ಹೇಳುತ್ತದೆ.

ಆದ್ದರಿಂದ ನಿಮ್ಮ ಮಗುವನ್ನು ‘ದಡ್ಡ’ ಎನ್ನುವ ಮೊದಲು, ಅಥವಾ ಅನ್ನಲು ಬಿಡುವ ಮೊದಲು, ಮುಖ್ಯೋಪಾಧ್ಯಾಯರಿಗೆ ಲಿಖಿತ ಮನವಿ ಕೊಡಿ. ಮಗುವಿನ ಓದುಬರಹವನ್ನು ಕನ್ನಡದಲ್ಲೇ ಪರೀಕ್ಷಿಸಬೇಕೆಂದೂ, ನ್ಯೂನತೆ ಕಂಡುಬಂದರೆ ವಿಶೇಷ ಅಗತ್ಯವುಳ್ಳ ಮಕ್ಕಳ ಎಣಿಕೆಗೆ ಸೇರಿಸಬೇಕೆಂದೂ ಅದರಲ್ಲಿ ಕೇಳಿ. 350ಎ ವಿಧಿಯನ್ನೂ 16ನೆಯ ಪ್ರಕರಣವನ್ನೂ ಒಂದೇ ಹಾಳೆಯಲ್ಲಿ ಹೆಸರಿಸಿ, ಸ್ವೀಕೃತಿ ಪಡೆದು ಪ್ರತಿಯನ್ನು ಜೋಪಾನವಾಗಿಡಿ. ಕನ್ನಡ ಶಾಲೆಯನ್ನು ಉಳಿಸಿಕೊಳ್ಳಲು ಹೋರಾಡಿದವರು ನಾವು. ಆ ಶಾಲೆಯ ಕೊನೆಯ ಬೆಂಚಿನಲ್ಲಿ ಮೌನವಾಗಿ ಕುಳಿತ ಮಗುವೂ ಅದರ ಲಾಭ ಪಡೆಯಲಿ.