ಎಣ್ಣೆಯಲ್ಲದ ಬ್ರೇಕ್ ಆಯಿಲ್



ತಾಳವಾಡಿ ಕಡೆಯಿಂದ ಸತ್ಯಮಂಗಲಕ್ಕೆ ಇಳಿದು ಹೋದವರಿಗೆ ದಿಂಬಂ ಘಾಟಿಯ ಪರಿಚಯ ಹೇಳಬೇಕಾಗಿಲ್ಲ. ಒಂದರ ಕೆಳಗೊಂದು 27 ಹೇರ್‌ಪಿನ್ ತಿರುವುಗಳು. ಅವುಗಳನ್ನೆಲ್ಲ ದಾಟಿದ ಮೇಲೆ ಬಣ್ಣಾರಿ ಅಮ್ಮನ ಗುಡಿ. 1996ರ ಮಳೆಗಾಲದ ಒಂದು ಬೆಳಿಗ್ಗೆ ನಾನು ಅದೇ ದಾರಿಯಲ್ಲಿ ಒಂದು ಬಾಡಿಗೆ ಜೀಪಿನಲ್ಲಿ ಕುಳಿತಿದ್ದೆ. ಒಳಗೆ ಒಂಬತ್ತು ಜನ, ಮೇಲೆ ಎಲೆಕೋಸಿನ ಮೂಟೆಗಳು. ಅರ್ಧ ಘಾಟಿ ಇಳಿಯುವಷ್ಟರಲ್ಲಿ ಚಾಲಕರು ಪೆಡಲನ್ನು ಒಂದು ಸಲ ತುಳಿದರು, ಎರಡು ಸಲ ತುಳಿದರು. ಹತ್ತಿಯ ಮೂಟೆಯ ಮೇಲೆ ಕಾಲಿಟ್ಟಂತೆ ಅದು ನೆಲದವರೆಗೆ ಹೋಗಿಬಿಟ್ಟಿತು.

"ಬ್ರೇಕ್ ಹಿಡೀತಾ ಇಲ್ಲ, ಎಲ್ಲಾರೂ ಗಟ್ಟಿಯಾಗಿ ಹಿಡ್ಕಳಿ" ಎಂದರು. ಗೇರನ್ನು ಕೆಳಕ್ಕೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡದ ಬದಿಯ ಚರಂಡಿಗೆ ಎಡಚಕ್ರಗಳನ್ನು ಇಳಿಸಿ ಹೇಗೋ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ ಅಮ್ಮನಿಗೆ ಕೈಮುಗಿದರು.

ಆಶ್ಚರ್ಯದ ಸಂಗತಿ ಬೇರೆಯೇ ಇದೆ. ಅರ್ಧ ಗಂಟೆ ಬಿಟ್ಟು ಪೆಡಲ್ ತುಳಿದು ನೋಡಿದರೆ ಬ್ರೇಕು ಮೊದಲಿನಂತೆಯೇ ಗಟ್ಟಿಯಾಗಿತ್ತು! ಎಲ್ಲಿಯೂ ಸೋರಿಕೆ ಇರಲಿಲ್ಲ. ಡಬ್ಬಿಯಲ್ಲಿ ಬ್ರೇಕ್ ಆಯಿಲ್ ತುಂಬಿತ್ತು. ಸತ್ಯಮಂಗಲದ ಗ್ಯಾರೇಜಿನಲ್ಲಿ ಹಿರಿಯ ಮೆಕ್ಯಾನಿಕ್ಕೊಬ್ಬರು ಕನ್ನಡವನ್ನೂ ತಮಿಳನ್ನೂ ಬೆರೆಸಿ ಕೇಳಿದರು: "ಏನು ತಮ್ಮಾ, ಆಯಿಲ್ ಬದಲಾಯಿಸಿ ಎಷ್ಟು ವರ್ಷ ಆಯ್ತು?" ನಮ್ಮ ಚಾಲಕರು ಹೇಳಿದರು: "ಬದಲಾಯಿಸೋದ್ಯಾಕಣ್ಣ? ಕಮ್ಮಿ ಆದಾಗೆಲ್ಲ ಹಾಕ್ತಾನೇ ಇದ್ದೀವಲ್ಲ."

ಕೇಳುಗರೇ, ಈ ಉತ್ತರವನ್ನು ಗಡಿಯ ಎರಡೂ ಕಡೆ, ಎಲ್ಲ ಭಾಷೆಗಳಲ್ಲಿಯೂ ಕೇಳಬಹುದು. ಅದು ಸೋಮಾರಿತನದ ಉತ್ತರವಲ್ಲ. ಅದಕ್ಕೊಂದು ಇತಿಹಾಸವಿದೆ. ಆ ಇತಿಹಾಸವನ್ನು ತಿಳಿದರೆ ಜೀಪಿನ ಬ್ರೇಕು ಏಕೆ ಹೋಯಿತು, ಏಕೆ ಮರಳಿ ಬಂತು ಎಂಬುದೂ ತಿಳಿಯುತ್ತದೆ.

ಮೋಟಾರು ವಾಹನಗಳ ಮೊದಲ ದಿನಗಳಲ್ಲಿ ಬ್ರೇಕಿಗೆ ಯಾವ ದ್ರವವೂ ಇರಲಿಲ್ಲ. ಕಬ್ಬಿಣದ ಸರಳು ಅಥವಾ ತಂತಿಯ ಹಗ್ಗ, ಅಷ್ಟೇ. ಇಂದಿನ ಸೈಕಲ್ಲಿನ ಬ್ರೇಕಿನಂತೆ. ನಾಲ್ಕು ಚಕ್ರಗಳಿಗೂ ಒಂದೇ ಸಮನಾಗಿ ಎಳೆತ ಬರುವಂತೆ ಅದನ್ನು ಹೊಂದಿಸುವುದು ಕಷ್ಟ. ಒಂದು ಚಕ್ರ ಬಿಗಿಯಾಗಿ, ಇನ್ನೊಂದು ಸಡಿಲವಾಗಿದ್ದರೆ ವಾಹನ ಒಂದು ಬದಿಗೆ ಜಗ್ಗುತ್ತದೆ.

ಇದಕ್ಕೆ ಪರಿಹಾರ ಹಳೆಯ ವಿಜ್ಞಾನದಲ್ಲಿಯೇ ಇತ್ತು. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಫ್ರಾನ್ಸಿನ ಪಾಸ್ಕಲ್ 17ನೆಯ ಶತಮಾನದಲ್ಲಿಯೇ ತೋರಿಸಿದ್ದರು. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಇದನ್ನು ಮೋಟಾರಿಗೆ ಅಳವಡಿಸಿ 1917ರಲ್ಲಿ ಪೇಟೆಂಟ್ ಪಡೆದರು. ವಿಮಾನ ತಯಾರಿಕೆಯಿಂದ ಪ್ರಸಿದ್ಧವಾದ ಲಾಕ್‌ಹೀಡ್ ಎಂಬ ಹೆಸರು ಇದೇ ಮನೆತನದ್ದು. 1921ರಲ್ಲಿ ಡ್ಯೂಸೆನ್‌ಬರ್ಗ್ ಎಂಬ ದುಬಾರಿ ಕಾರು ನಾಲ್ಕು ಚಕ್ರಗಳಿಗೂ ಈ ಬ್ರೇಕನ್ನು ಇಟ್ಟುಕೊಂಡು ಮಾರಾಟಕ್ಕೆ ಬಂತು. 1924ರಲ್ಲಿ ಕ್ರೈಸ್ಲರ್ ಕಂಪನಿ ಇದನ್ನು ಇನ್ನೂ ಹೆಚ್ಚು ಜನರ ಕೈಗೆಟಕಿಸಿತು. ಮೊದಲಿಗೆ ಸಿಲಿಂಡರಿನೊಳಗೆ ಚರ್ಮದ ಬಿರಡೆ ಇರುತ್ತಿತ್ತು, ಅದು ಸೋರುತ್ತಿತ್ತು. ಕ್ರೈಸ್ಲರ್ ಎಂಜಿನಿಯರುಗಳು ಅದರ ಬದಲು ರಬ್ಬರಿನ ಕಪ್ಪುಗಳನ್ನು ತಂದರು. ಫೋರ್ಡ್ ಕಂಪನಿ ಮಾತ್ರ ಸರಳು-ತಂತಿಗಳನ್ನು ಬಿಡಲೊಲ್ಲದೆ 1939ರವರೆಗೂ ಕಾಯಿತು.

ಈಗ ಪ್ರಶ್ನೆ: ಕೊಳವೆಯೊಳಗೆ ತುಂಬುವ ದ್ರವ ಯಾವುದು? ನೀರು ಹಾಕಿದರೆ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಇಂಜಿನ್ ಆಯಿಲ್ ಹಾಕಿದರೆ ಅಂದಿನ ರಬ್ಬರು ಊದಿ ಹಾಳಾಗುತ್ತದೆ. ಉತ್ತರವಾಗಿ ಒದಗಿದ್ದು ನಿಮಗೆಲ್ಲ ಗೊತ್ತಿರುವ ಒಂದು ಎಣ್ಣೆ. ತಾಳವಾಡಿಯಲ್ಲಿ ಅದು ಹರಳೆಣ್ಣೆ, ಸೊಲ್ಲಾಪುರ-ಅಕ್ಕಲಕೋಟೆಯ ಕಡೆ ಔಡಲೆಣ್ಣೆ. ನೆರೆಯವರ ಬಾಯಲ್ಲಿ ತೆಲುಗಿನ ಆಮುದಂ, ತಮಿಳಿನ ವಿಳಕ್ಕೆಣ್ಣೈ, ಮಲಯಾಳದ ಆವಣಕ್ಕೆಣ್ಣ, ಮರಾಠಿಯ ಎರಂಡೇಲ. ಮಕ್ಕಳ ಹೊಟ್ಟೆಗೂ ದೀಪಕ್ಕೂ ಗಾಡಿಯ ಅಚ್ಚಿಗೂ ಬಳಸುತ್ತಿದ್ದ ಈ ಎಣ್ಣೆಗೆ ಎರಡು ವಿಶೇಷ ಗುಣಗಳಿವೆ. ಅದು ರಬ್ಬರನ್ನು ಕೆಡಿಸುವುದಿಲ್ಲ, ಮತ್ತು ಬೇರೆ ಅಡುಗೆ ಎಣ್ಣೆಗಳಂತಲ್ಲದೆ ಆಲ್ಕೋಹಾಲಿನಲ್ಲಿ ಚೆನ್ನಾಗಿ ಕರಗುತ್ತದೆ. ಹರಳೆಣ್ಣೆಯ ಮಂದತನವನ್ನು ಆಲ್ಕೋಹಾಲಿನಿಂದ ತೆಳುಗೊಳಿಸಿದರೆ ಬ್ರೇಕಿಗೆ ಬೇಕಾದ ದ್ರವ ಸಿದ್ಧ. ಹಲವು ದೇಶಗಳಲ್ಲಿ ಹಲವು ದಶಕ ಇದೇ ನಡೆಯಿತು. ಸೋವಿಯತ್ ರಷ್ಯಾದ ಮೋಟಾರುಗಳಲ್ಲಿ ಅರ್ಧ ಹರಳೆಣ್ಣೆ, ಅರ್ಧ ಬ್ಯುಟೈಲ್ ಆಲ್ಕೋಹಾಲು ಬೆರೆತ ಕೆಂಪು ದ್ರವ ಬಹಳ ಕಾಲ ಬಳಕೆಯಲ್ಲಿತ್ತು.

ಹಾಗಾಗಿ 'ಬ್ರೇಕ್ ಆಯಿಲ್' ಎಂದು ನಾವು ಕರೆಯುವ ಹೆಸರು ಒಂದು ಕಾಲಕ್ಕೆ ಅರ್ಧದಷ್ಟಾದರೂ ನಿಜವೇ ಆಗಿತ್ತು. ಎಣ್ಣೆಯೂ ನೀರೂ ಬೆರೆಯುವುದಿಲ್ಲ ಎಂಬುದು ಅಡುಗೆಮನೆಯಲ್ಲಿ ಎಲ್ಲರೂ ಕಂಡ ಸತ್ಯ. ಎಣ್ಣೆಯಾದರೆ ಕಡಿಮೆಯಾದಾಗ ಹಾಕಿದರೆ ಸಾಕಲ್ಲವೆ? ನಮ್ಮ ಚಾಲಕರ ಮಾತಿನ ಬೇರು ಇಲ್ಲಿದೆ.

ಆದರೆ ಹರಳೆಣ್ಣೆಯ ಬೆರಕೆಗೆ ಒಂದು ದೊಡ್ಡ ಕೊರತೆಯಿತ್ತು. ಅದರಲ್ಲಿನ ಆಲ್ಕೋಹಾಲು ಬೇಗ ಕುದಿಯುತ್ತದೆ. ಸಾಧಾರಣ ಆಲ್ಕೋಹಾಲು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬ್ಯುಟೈಲ್ ಆಲ್ಕೋಹಾಲು ಸುಮಾರು 117 ಡಿಗ್ರಿಯಲ್ಲಿ. ಬ್ರೇಕು ಅಷ್ಟು ಕಾಯುತ್ತದೆಯೇ ಎಂದು ಕೇಳಬಹುದು. ಒಂದು ಲೆಕ್ಕ ನೋಡಿ. ಒಂದು ಟನ್ ತೂಕದ ಗಾಡಿ 500 ಮೀಟರ್ ಎತ್ತರದಿಂದ ಬರೀ ಬ್ರೇಕಿನ ಬಲದಲ್ಲಿಯೇ ಇಳಿಯಿತೆನ್ನಿ. ಆಗ ಹುಟ್ಟುವ ಶಾಖ ಸುಮಾರು 15 ಲೀಟರ್, ಅಂದರೆ ಒಂದು ಕೊಡ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು! ಅದೆಲ್ಲ ಹುಟ್ಟುವುದು ನಾಲ್ಕು ಚಕ್ರಗಳ ನಡುವಿನ ಅಂಗೈಯಗಲದ ಜಾಗದಲ್ಲಿ.

ಎರಡನೆಯ ಮಹಾಯುದ್ಧದ ನಂತರ ಗಾಡಿಗಳ ವೇಗ ಹೆಚ್ಚಿತು. 1953ರಲ್ಲಿ ಫ್ರಾನ್ಸಿನ ಲೆ ಮಾನ್ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದಿತು. 1955ರಲ್ಲಿ ಸಿಟ್ರೊಯೆನ್ ಕಂಪನಿ ತನ್ನ ಡಿ.ಎಸ್. ಕಾರಿನ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಕೊಟ್ಟಿತು. ಡಿಸ್ಕಿನಲ್ಲಿ ಶಾಖ ದ್ರವಕ್ಕೆ ಇನ್ನೂ ಹತ್ತಿರ. ಹರಳೆಣ್ಣೆ-ಆಲ್ಕೋಹಾಲು ಇದನ್ನು ತಾಳಲಾರದು. ಆದ್ದರಿಂದ ರಸಾಯನಶಾಸ್ತ್ರಜ್ಞರು ಗ್ಲೈಕಾಲ್ ಈಥರ್ ಎಂಬ ಜಾತಿಯ ದ್ರವಗಳತ್ತ ತಿರುಗಿದರು. ಅವು 200 ಡಿಗ್ರಿ ದಾಟಿದರೂ ಕುದಿಯುವುದಿಲ್ಲ, ಚಳಿಗೆ ಗಟ್ಟಿಯಾಗುವುದಿಲ್ಲ, ರಬ್ಬರಿಗೂ ಹಿತ. ಇಂದು ನಮ್ಮ ಅಂಗಡಿಗಳಲ್ಲಿ ಸಿಗುವ ಬಹುಪಾಲು ಬ್ರೇಕ್ ಆಯಿಲ್ ಇದೇ. ಇದು ಎಣ್ಣೆಯಲ್ಲ. ಹೆಸರು ಮಾತ್ರ ಹಾಗೆಯೇ ಉಳಿಯಿತು.

ಇಲ್ಲಿಯೇ ಕಥೆ ತಿರುಗುವುದು. ಈ ಹೊಸ ದ್ರವ ನೀರನ್ನು ದೂರವಿಡುವುದಿಲ್ಲ, ಕುಡಿಯುತ್ತದೆ. ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಉಪ್ಪು ಹೇಗೆ ನೀರೊಡೆಯುತ್ತದೋ ಹಾಗೆ, ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಡಬ್ಬಿಯ ಮುಚ್ಚಳದ ಸಣ್ಣ ಕಿಂಡಿಯಿಂದಲೂ ರಬ್ಬರ್ ಪೈಪಿನ ಮೈಯಿಂದಲೂ ತೇವ ನಿಧಾನವಾಗಿ ಒಳಗೆ ಸೇರುತ್ತದೆ. ಗಾಡಿ ಓಡಿದರೂ ಸೇರುತ್ತದೆ, ಕೊಟ್ಟಿಗೆಯಲ್ಲಿ ನಿಂತರೂ ಸೇರುತ್ತದೆ. ನೀರು ಬೆರೆತಂತೆಲ್ಲ ದ್ರವ ಬೇಗ ಕುದಿಯತೊಡಗುತ್ತದೆ.

ಈ ದೋಷವನ್ನು ಬಲ್ಲವರು ಅದನ್ನು ಅಳೆದು, ಅಂಕೆಯಲ್ಲಿ ಬರೆದಿಟ್ಟರು. 1965ರಲ್ಲಿ ಅಮೆರಿಕದ ರಾಲ್ಫ್ ನೇಡರ್ ಮೋಟಾರು ಕಂಪನಿಗಳ ಅಲಕ್ಷ್ಯದ ಬಗ್ಗೆ ಒಂದು ಪುಸ್ತಕ ಬರೆದು ದೇಶವನ್ನೇ ಎಚ್ಚರಿಸಿದರು. 1966ರಲ್ಲಿ ಅಲ್ಲಿ ವಾಹನ ಸುರಕ್ಷತೆಯ ಕಾಯಿದೆ ಬಂತು. ಅದರ ಕೆಳಗೆ ರೂಪುಗೊಂಡ ನಿಯಮಗಳಲ್ಲಿ ಬ್ರೇಕ್ ದ್ರವಕ್ಕೂ ಒಂದು ಸ್ಥಾನ ಸಿಕ್ಕಿತು. ನಿಮ್ಮ ಡಬ್ಬಿಯ ಮೇಲಿನ 'ಡಾಟ್ 3', 'ಡಾಟ್ 4' ಎಂಬ ಗುರುತು ಅಲ್ಲಿಯ ಸಾರಿಗೆ ಇಲಾಖೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಈ ನಿಯಮ ಪ್ರತಿಯೊಂದು ದ್ರವಕ್ಕೂ ಎರಡು ಕುದಿಬಿಂದುಗಳನ್ನು ಕೇಳುತ್ತದೆ: ಹೊಸದಾಗಿ ಒಣಗಿದ್ದಾಗ ಒಂದು, ನೂರಕ್ಕೆ ಸುಮಾರು 3.7 ಪಾಲು ನೀರು ಕುಡಿದ ಮೇಲೆ ಇನ್ನೊಂದು. ಡಾಟ್ 3 ಕನಿಷ್ಠ 205 ಡಿಗ್ರಿಯಿಂದ 140ಕ್ಕೆ ಇಳಿಯುತ್ತದೆ. ಡಾಟ್ 4 ಕನಿಷ್ಠ 230ರಿಂದ 155ಕ್ಕೆ. ನೂರರಲ್ಲಿ ನಾಲ್ಕು ಪಾಲೂ ಇಲ್ಲದ ನೀರು ಎಷ್ಟು ಬಲ ಕಸಿಯುತ್ತದೆ ನೋಡಿ.

ಈಗ ದಿಂಬಂ ಘಾಟಿಗೆ ಮರಳೋಣ. ವರ್ಷಗಟ್ಟಲೆ ತೇವ ಕುಡಿದ ದ್ರವ ಚಕ್ರದ ಹತ್ತಿರ ಕುದಿಯಿತು, ಆವಿಯಾಯಿತು. ದ್ರವವನ್ನು ಒತ್ತಿ ಕುಗ್ಗಿಸಲಾಗದು. ಅದಕ್ಕೇ ಅದು ಕಾಲಿನ ಬಲವನ್ನು ಚಕ್ರಕ್ಕೆ ಒಯ್ಯುತ್ತದೆ. ಆವಿಯನ್ನು ಬಲೂನಿನಂತೆ ಕುಗ್ಗಿಸಬಹುದು. ಚಾಲಕರ ಕಾಲಿನ ಬಲವೆಲ್ಲ ಆವಿಯನ್ನು ಹಿಸುಕುವುದರಲ್ಲೇ ಮುಗಿದುಹೋಯಿತು. ಅರ್ಧ ಗಂಟೆಯಲ್ಲಿ ಚಕ್ರ ತಣಿದು ಆವಿ ಮರಳಿ ದ್ರವವಾಯಿತು, ಪೆಡಲ್ ಗಟ್ಟಿಯಾಯಿತು. ಡಬ್ಬಿ ತುಂಬಿತ್ತು, ನಿಜ. ಆದರೆ ತುಂಬಿದ್ದು ಏನು ಎಂಬುದು ಬೇರೆ ಪ್ರಶ್ನೆ.

ಹಾಗಾದರೆ ಬದಲಾಯಿಸಲೇಬೇಕೆ, ಯಾವಾಗ? ಬಯಲುಸೀಮೆಯಲ್ಲಿ ನಿಧಾನವಾಗಿ ಓಡಿಸುವವರೊಬ್ಬರು "ಐದು ವರ್ಷ ಆಯಿತು, ನನಗೇನೂ ಆಗಿಲ್ಲ" ಎನ್ನಬಹುದು. ಅವರು ಸುಳ್ಳು ಹೇಳುತ್ತಿಲ್ಲ. ಅವರ ಬ್ರೇಕು ಅಷ್ಟು ಕಾಯುವ ಸಂದರ್ಭ ಬಂದಿಲ್ಲ. ರಾಯದುರ್ಗದ ಒಣಹವೆಯಲ್ಲಿ ತೇವ ನಿಧಾನ, ಕಾಸರಗೋಡಿನ ಕಡಲ ಗಾಳಿಯಲ್ಲಿ, ವಯನಾಡಿನ ಮಳೆಯಲ್ಲಿ ಬೇಗ. ಆದರೆ ರಾಯದುರ್ಗದ ಗಾಡಿಯೂ ಒಂದು ದಿನ ಉದಕಮಂಡಲ ನೋಡಿ ಘಾಟಿಯ ತಿರುವುಗಳನ್ನು ಇಳಿಯಬಹುದಲ್ಲವೆ? ಅದೂ ಅಲ್ಲದೆ ನೀರು ಕುದಿಯಲು ಕಾಯುತ್ತಾ ಸುಮ್ಮನಿರುವುದಿಲ್ಲ. ಸಿಲಿಂಡರಿನ ಒಳಗೆ ತುಕ್ಕು ಹಿಡಿಸಿ ರಬ್ಬರ್ ಕಪ್ಪುಗಳನ್ನು ತರಚುತ್ತದೆ.

ಬಹಳಷ್ಟು ತಯಾರಕರು ಹೇಳುವ ಅವಧಿ ಎರಡು ವರ್ಷ. ಕೆಲವರು ಕಿಲೋಮೀಟರ್ ಲೆಕ್ಕವನ್ನೂ ಕೊಡುತ್ತಾರೆ. ನಿಮ್ಮ ಗಾಡಿಯ ಪುಸ್ತಕ ಏನು ಹೇಳುತ್ತದೋ ಅದೇ ಅಂತಿಮ. ಘಾಟಿಯಲ್ಲಿ ದಿನವೂ ಓಡುವವರು, ಕಡಲ ತೀರದವರು ಆ ಅವಧಿಯನ್ನು ದಾಟಿಸಬಾರದು. ಬಣ್ಣ ನೋಡಿ ನಿರ್ಧರಿಸಬೇಡಿ. ಡಿಕಾಕ್ಷನ್ನಿನಂತೆ ಕಪ್ಪಾಗಿದ್ದರೆ ಹಳೆಯದೇ ಸರಿ, ಆದರೆ ತಿಳಿಯಾಗಿ ಕಾಣುವುದರಲ್ಲಿಯೂ ನೀರಿರಬಹುದು.

ಇನ್ನು ಕೆಲವು ಎಚ್ಚರಗಳು. ಬದಲಾಯಿಸುವುದೆಂದರೆ ಮೇಲಿನ ಡಬ್ಬಿಯದನ್ನಷ್ಟೇ ಅಲ್ಲ. ಪ್ರತಿಯೊಂದು ಚಕ್ರದಿಂದಲೂ ಹಳೆಯದು ಹೊರಬಂದು ಹೊಸದು ಕಾಣಿಸುವವರೆಗೆ ಬಿಡಿಸಿ, ಗಾಳಿ ತೆಗೆಸಬೇಕು. ಹೊಸ ಡಬ್ಬಿಯನ್ನು ಕಣ್ಣೆದುರಿಗೇ ತೆರೆಯಿಸಿ. ಕಳೆದ ವರ್ಷ ತೆರೆದ ಡಬ್ಬಿ ಆಗಲೇ ತೇವ ಕುಡಿದಿರುತ್ತದೆ. ಇಂಜಿನ್ ಆಯಿಲನ್ನು ಒಂದು ಹನಿಯೂ ಹಾಕಬೇಡಿ. 'ಡಾಟ್ 5' ಎಂಬುದು ಸಿಲಿಕೋನ್ ದ್ರವ. 3, 4 ಅಥವಾ 5.1ರ ಜೊತೆ ಅದನ್ನು ಬೆರೆಸಬಾರದು. ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಬರೀ ತುಂಬಿಸಿ ಸುಮ್ಮನಾಗಬೇಡಿ. ಪ್ಯಾಡ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ ಎಂದರ್ಥ. ದೊಡ್ಡ ಬಸ್ಸು-ಲಾರಿಗಳದು ಸಾಮಾನ್ಯವಾಗಿ ಗಾಳಿಯ ಬ್ರೇಕು, ಅವಕ್ಕೆ ಈ ಮಾತು ಹೊಂದುವುದಿಲ್ಲ. ಆದರೆ ನಿಮ್ಮ ಮನೆಯ ಬೈಕಿಗೆ ಡಿಸ್ಕ್ ಬ್ರೇಕ್ ಇದ್ದರೆ, ಹ್ಯಾಂಡಲ್ ಮೇಲಿನ ಆ ಪುಟ್ಟ ಡಬ್ಬಿಗೂ ಇದೇ ನಿಯಮ. ಮತ್ತು ಹೊಸ ಆಯಿಲ್ ಇದೆಯೆಂದು ಘಾಟಿಯಲ್ಲಿ ಗೇರನ್ನು ಮರೆಯಬೇಡಿ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಚಾಲಕರ ಮಾತು ಇಂದಿಗೂ ಸತ್ಯ.

ಆ ಜೀಪಿನ ಚಾಲಕರನ್ನು ಮುಂದೆಯೂ ಹಲವು ಸಲ ಕಂಡೆ. ಬಾನೆಟ್ಟಿನ ಒಳಮೈಗೆ ಅವರು ಒಂದು ಚೀಟಿ ಅಂಟಿಸಿದ್ದರು. ಆಯಿಲ್ ಬದಲಾಯಿಸಿದ ತಿಂಗಳು, ವರ್ಷ, ಅಷ್ಟೇ. "ಡಬ್ಬಿ ನೋಡಿದ್ರೆ ಗೊತ್ತಾಗಲ್ಲ ಸಾರ್, ತಾರೀಕು ನೋಡ್ಬೇಕು" ಎಂದಿದ್ದರು. ನೂರು ವರ್ಷದ ಚರಿತ್ರೆಯ ಸಾರವೆಲ್ಲ ಆ ಮಾತಿನಲ್ಲಿದೆ. ಈ ಸಂಜೆ ನಿಮ್ಮ ಗಾಡಿಯ ಬಳಿ ಹೋದಾಗ ಒಮ್ಮೆ ನೆನಪಿಸಿಕೊಳ್ಳಿ: ಕೊನೆಯ ಸಲ ಬದಲಾಯಿಸಿದ್ದು ಯಾವಾಗ? ನೆನಪಾಗದಿದ್ದರೆ, ಬದಲಾಯಿಸುವ ಕಾಲ ಬಂದಿದೆ ಎಂದೇ ತಿಳಿಯಿರಿ.