ಮಳಖೇಡದ ಕೋಟೆ ಮತ್ತು ಒಂದು ಪ್ರಾಕೃತ ನಿಘಂಟು

ಕಲಬುರಗಿ ನಗರದ ಕೋಟೆಯನ್ನು ನೋಡಲು ಬರುವವರಿಗೆ ಚರಿತ್ರೆ ಕಣ್ಣೆದುರಿಗೇ ಇರುತ್ತದೆ. 1347ರಲ್ಲಿ ಬಹಮನಿ ರಾಜ್ಯವನ್ನು ಸ್ಥಾಪಿಸಿದ ಅಲಾವುದ್ದೀನ್ ಹಸನ್ ಈ ನಗರವನ್ನು ರಾಜಧಾನಿ ಮಾಡಿಕೊಂಡನು. ಕಂದಕ, ಬುರುಜು, ತೆರೆದ ಅಂಗಳವಿಲ್ಲದೆ ಪೂರ್ತಿಯಾಗಿ ಮಾಡು ಹೊದಿಸಿದ ಜಾಮಾ ಮಸೀದಿ ಇವೆಲ್ಲ ಇಂದಿಗೂ ನಿಂತಿವೆ. ಮಸೀದಿಯ ಶಾಸನವು 1367ರ ಕಾಲವನ್ನೂ ಕಜ್ವೀನ್ ಮೂಲದ ರಫಿಯ ಹೆಸರನ್ನೂ ಹೇಳುತ್ತದೆ. ಇಲ್ಲಿ ಕಲ್ಲೇ ಸಾಕ್ಷಿ.

ಗಾಜಿಪುರ ಮೊದಲಾದ ನಗರದ ಬಡಾವಣೆಗಳಿಂದ ಸೇಡಂ ಮಾರ್ಗವಾಗಿ ಸುಮಾರು 40 ಕಿ.ಮೀ. ಸಾಗಿದರೆ ಸಿಗುವ ಮಳಖೇಡದ ಸ್ಥಿತಿ ಬೇರೆ. ಕಪ್ಪು ಎರೆಭೂಮಿಯ ನಡುವೆ ಕಾಗಿಣಾ ನದಿ ಹರಿಯುತ್ತದೆ. ಅದರ ದಡದಲ್ಲಿ ಶಿಥಿಲವಾದ ಕೋಟೆ, ಊರೊಳಗೆ ನೇಮಿನಾಥ ಬಸದಿ. ಇದೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಆದರೆ ಇಂದು ಕಾಣುವ ಗೋಡೆಗಳನ್ನೆಲ್ಲ ರಾಷ್ಟ್ರಕೂಟರವೆಂದು ಭಾವಿಸುವುದು ಆತುರದ ತೀರ್ಮಾನವಾದೀತು. ಅಮೋಘವರ್ಷ ನೃಪತುಂಗನ ಅರಮನೆಯನ್ನು ಇಂತಲ್ಲಿಯೇ ಇತ್ತೆಂದು ತೋರಿಸಬಲ್ಲ ಕಲ್ಲು ಇಲ್ಲಿಲ್ಲ.

ಇಲ್ಲಿ ಉಳಿದಿರುವುದು ವಾಙ್ಮಯ. ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನ ‘ಕವಿರಾಜಮಾರ್ಗ’ ರೂಪುಗೊಂಡಿತು. ಮೂರನೆಯ ಕೃಷ್ಣನ ಕಾಲದಲ್ಲಿ ಪೊನ್ನನು ಉಭಯಕವಿಚಕ್ರವರ್ತಿ ಎನಿಸಿದನು. ಅದೇ ರಾಜನ ಮಂತ್ರಿ ಭರತನ ಆಶ್ರಯದಲ್ಲಿ ಪುಷ್ಪದಂತನು ಅಪಭ್ರಂಶ ಭಾಷೆಯ ‘ಮಹಾಪುರಾಣ’ವನ್ನು ಬರೆದು 965ರಲ್ಲಿ ಮುಗಿಸಿದನು. ಕನ್ನಡ, ಸಂಸ್ಕೃತ, ಪ್ರಾಕೃತ, ಅಪಭ್ರಂಶಗಳಿಗೆ ಒಟ್ಟಿಗೆ ಆಸರೆಯಾದ ರಾಜಧಾನಿ ಇದು.

ಈ ನಗರದ ಪತನದ ವೃತ್ತಾಂತವೂ ಸಾಹಿತ್ಯದಲ್ಲಿಯೇ ದೊರೆಯುತ್ತದೆ. ಕೃಷ್ಣನ ತಮ್ಮ ಖೊಟ್ಟಿಗನ ಆಳ್ವಿಕೆಯಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೈದನು. ಮಾಳವದ ಧಾರಾನಗರದಲ್ಲಿದ್ದ ಧನಪಾಲನು ತನ್ನ ತಂಗಿ ಸುಂದರಿಗಾಗಿ ‘ಪಾಇಅಲಚ್ಛೀ’ ಎಂಬ ಪ್ರಾಕೃತ ನಿಘಂಟನ್ನು ರಚಿಸಿದನು. ಅದರ ಕೊನೆಯಲ್ಲಿ ಕೃತಿಯ ಕಾಲವನ್ನು ಸೂಚಿಸುವಾಗ, ವಿಕ್ರಮ ಸಂವತ್ಸರ 1029ರಲ್ಲಿ ಮಾಳವರಾಜನ ದಾಳಿಗೆ ಮನ್ನಖೇಡವು ಲೂಟಿಯಾದುದನ್ನು ಹೇಳುತ್ತಾನೆ. ಅದು ಕ್ರಿ.ಶ. 972ರ ಸುಮಾರು. ಗೆದ್ದವರ ಊರಿನಲ್ಲಿ, ತಂಗಿಯ ಓದಿಗೆಂದು ಬರೆದ ಪದಕೋಶವೊಂದು ಕರ್ನಾಟಕದ ರಾಜಧಾನಿಯ ಪತನಕ್ಕೆ ಕಾಲನಿರ್ದೇಶ ಮಾಡಿದೆ. ಸೋತವರ ಊರಿನಲ್ಲಿದ್ದ ಪುಷ್ಪದಂತನ ಕೃತಿಯಲ್ಲಿ ಸೇರಿರುವ ಪದ್ಯವೊಂದು ಅದೇ ನಗರ ಸುಟ್ಟುಹೋದುದಕ್ಕೆ ಮರುಗುತ್ತದೆ. ಧನಪಾಲನಿಗೆ ಅದು ಕಾಲಗಣನೆಯ ಗುರುತು. ಪುಷ್ಪದಂತನ ಪದ್ಯದಲ್ಲಿ ಅದು ಕವಿಯೊಬ್ಬನ ನೆಲೆ ತಪ್ಪಿದ ದುಃಖ. ಒಂದೇ ಘಟನೆಯ ಎರಡು ಬದಿಗಳು ಹೀಗೆ ಎರಡು ಗ್ರಂಥಗಳಲ್ಲಿ ಉಳಿದಿವೆ. ಮರುವರ್ಷವೇ ಚಾಲುಕ್ಯ ತೈಲಪನು ರಾಷ್ಟ್ರಕೂಟರ ಆಳ್ವಿಕೆಯನ್ನು ಕೊನೆಗಾಣಿಸಿದನು.

ಕೋಟೆಗಳ ಚರಿತ್ರೆಯನ್ನು ಬುರುಜುಗಳಿಂದಷ್ಟೇ ಬರೆಯಹೊರಟರೆ ಮಳಖೇಡಕ್ಕೆ ಒಂದೆರಡು ಸಾಲು ಸಾಕಾದೀತು. ಹಸ್ತಪ್ರತಿಗಳ ಆದ್ಯಂತ ಪದ್ಯಗಳನ್ನು, ಪ್ರಶಸ್ತಿಭಾಗಗಳನ್ನು ಜೊತೆಗಿಟ್ಟು ನೋಡಿದಾಗಲೇ ಅದು ತನ್ನ ನಿಜವಾದ ಗಾತ್ರದಲ್ಲಿ ಕಾಣುತ್ತದೆ. ಸಂಪಾದನೆಯ ವೇಳೆ ಅನುಬಂಧಕ್ಕೆ ಸರಿಸಿಬಿಡುವ ಇಂತಹ ಪದ್ಯಗಳನ್ನು ಸಾಹಿತ್ಯದ ವಿದ್ಯಾರ್ಥಿಗಳು ಮೂಲಪಠ್ಯದಷ್ಟೇ ಶ್ರದ್ಧೆಯಿಂದ ಓದಬೇಕಾದ ಅಗತ್ಯ ಇಲ್ಲಿದೆ.