ಪಿಟೀಲು ನಮ್ಮದಾದ ಬಗೆ

ರೋಮ್ ನಗರ ಹೊತ್ತಿ ಉರಿಯುತ್ತಿದ್ದಾಗ ನೀರೋ ಪಿಟೀಲು ಬಾರಿಸುತ್ತಿದ್ದ ಎಂಬ ಮಾತನ್ನು ಕೇಳದವರಿಲ್ಲ. ಆದರೆ ಆತ ಪಿಟೀಲು ಬಾರಿಸಿರಲು ಸಾಧ್ಯವೇ ಇಲ್ಲ. ರೋಮ್ ಉರಿದದ್ದು ಕ್ರಿ.ಶ. 64ರಲ್ಲಿ. ಪಿಟೀಲು ರೂಪುಗೊಂಡದ್ದು ಸುಮಾರು 1,500 ವರ್ಷಗಳ ನಂತರ, ಉತ್ತರ ಇಟಲಿಯಲ್ಲಿ. 16ನೇ ಶತಮಾನದಲ್ಲಿ ಅದಕ್ಕೆ ಇಂದಿನ ಆಕಾರ ಕೊಟ್ಟವರಲ್ಲಿ ಕ್ರೆಮೋನಾ ಊರಿನ ಆಂಡ್ರಿಯಾ ಅಮಾಟಿ ಪ್ರಮುಖ. 1737ರಲ್ಲಿ ತೀರಿಕೊಂಡ ಅದೇ ಊರಿನ ಸ್ಟ್ರಾಡಿವರಿ ತಯಾರಿಸಿದ ಪಿಟೀಲುಗಳಿಗೆ ಇಂದಿಗೂ ಕೋಟಿಗಟ್ಟಲೆ ಬೆಲೆಯಿದೆ.

ಇಂಥ ಪರದೇಶಿ ವಾದ್ಯ ಇಂದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ರಾಮೋತ್ಸವದ ಕಚೇರಿಯಲ್ಲೂ ಗಾಯಕರ ಪಕ್ಕದಲ್ಲೇ ಕೂರುತ್ತದೆ. ಅದು ಪರದೇಶದ್ದೆಂದು ಯಾರಿಗೂ ಅನ್ನಿಸುವುದಿಲ್ಲ. ಇದು ಹೇಗಾಯಿತು?

ಬ್ರಿಟಿಷರ ಕಾಲದಲ್ಲಿ ಮದ್ರಾಸಿಗೆ ಬಂದ ಈ ವಾದ್ಯವನ್ನು ಐರೋಪ್ಯ ಶಿಕ್ಷಕರಿಂದ ಕಲಿತು ಕರ್ನಾಟಕ ಸಂಗೀತಕ್ಕೆ ಅಳವಡಿಸಿದವರು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು. ತಂಜಾವೂರಿನ ವಡಿವೇಲು ಇದನ್ನು ತಿರುವಾಂಕೂರಿನ ಸ್ವಾತಿ ತಿರುನಾಳರ ಆಸ್ಥಾನದಲ್ಲಿ ನುಡಿಸಿ ಮನ್ನಣೆ ಪಡೆದರು.

ವಾದ್ಯ ಅದೇ ಆದರೂ ನುಡಿಸುವ ಕ್ರಮ ಬದಲಾಯಿತು. ಪಾಶ್ಚಾತ್ಯರು ಪಿಟೀಲನ್ನು ಗಲ್ಲದಡಿ ಹಿಡಿಯುತ್ತಾರೆ. ನಮ್ಮವರು ನೆಲದ ಮೇಲೆ ಕುಳಿತು, ಅದರ ತುದಿಯನ್ನು ಬಲಗಾಲಿನ ಹರಡಿನ ಬಳಿ ಊರುತ್ತಾರೆ. ವಾದ್ಯ ಹೀಗೆ ಅಲುಗದೆ ನಿಂತರೆ ಎಡಗೈ ತಂತಿಯ ಮೇಲೆ ಸಲೀಸಾಗಿ ಜಾರುತ್ತದೆ. ಗಮಕಕ್ಕೆ ಬೇಕಾದದ್ದೇ ಅದು. ತಂತಿಗಳ ಶ್ರುತಿಯೂ ಷಡ್ಜ-ಪಂಚಮಗಳಿಗೆ ಬದಲಾಯಿತು. ವೀಣೆಯಂತೆ ಮೆಟ್ಟಿಲುಗಳಿಲ್ಲದ ಈ ವಾದ್ಯ ಕಂಠವನ್ನು ನೆರಳಿನಂತೆ ಹಿಂಬಾಲಿಸಬಲ್ಲದು.

ಮುಂದಿನ ಮಾರ್ಪಾಡು ಮೈಸೂರಿನದು. 1895ರಲ್ಲಿ ತಿರುಮಕೂಡಲಿನಲ್ಲಿ ಹುಟ್ಟಿದ ಟಿ. ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಆಗ ಕಚೇರಿಗಳಲ್ಲಿ ಧ್ವನಿವರ್ಧಕವಿರಲಿಲ್ಲ. ಗಾಯಕರ ತುಂಬು ಕಂಠದ ಮುಂದೆ ನಾಲ್ಕು ತಂತಿಯ ನಾದ ಹಿಂದೆ ಕುಳಿತವರಿಗೆ ತಲುಪುತ್ತಿರಲಿಲ್ಲ. ಚೌಡಯ್ಯನವರು ಇನ್ನೂ ಮೂರು ತಂತಿಗಳನ್ನು ಸೇರಿಸಿ, 1927ರ ಸುಮಾರಿಗೆ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ನಾದ ತುಂಬಿಬಂತು. ಆದರೆ ಶ್ರುತಿ ಕೂಡಿಸುವ ಶ್ರಮ ಹೆಚ್ಚಿತು. ಜೋಡಿ ತಂತಿಗಳಲ್ಲಿ ಒಂದು ಕೊಂಚ ಸಡಿಲವಾದರೂ ಅಪಸ್ವರ. ಅದನ್ನು ಸಾಧಿಸಿದ ಅವರಿಗೆ 1957ರಲ್ಲಿ ಮದ್ರಾಸ್ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಸಂದಿತು. ನಾಡು ಅವರನ್ನು ಪಿಟೀಲು ಚೌಡಯ್ಯ ಎಂದೇ ಕರೆಯಿತು.

1967ರಲ್ಲಿ ಚೌಡಯ್ಯ ತೀರಿಕೊಂಡರು. ಅವರ ಗುರುವಿನ ಬಳಿಯೇ ಕಲಿತ ಆರ್.ಆರ್. ಕೇಶವಮೂರ್ತಿಯವರು ಏಳು ತಂತಿಯ ಪರಂಪರೆಯನ್ನು ಮುಂದುವರಿಸಿದರು. ಆದರೆ ಧ್ವನಿವರ್ಧಕ ಬಂದ ಮೇಲೆ ಹೆಚ್ಚಿನ ತಂತಿಗಳ ಅಗತ್ಯ ಕಡಿಮೆಯಾಯಿತು. ಇಂದು ಬಹುತೇಕ ವಿದ್ವಾಂಸರು ನುಡಿಸುವುದು ನಾಲ್ಕು ತಂತಿಯ ಪಿಟೀಲನ್ನೇ.

ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿರುವ ಚೌಡಯ್ಯ ಸ್ಮಾರಕ ಭವನ ಅವರ ಹೆಸರನ್ನು ಉಳಿಸಿದೆ. ಏಳು ತಂತಿಯ ನಾದ ಉಳಿಯಬೇಕಾದರೆ ಕಟ್ಟಡ ಸಾಲದು. ಅದನ್ನು ಕಲಿತು ನುಡಿಸುವ ಕೈಗಳು ಬೇಕು.